ಮಗಳ ಹೆಬ್ಬೆರಳು

ನಾನು ಹುಟ್ಟುವಾಗ ಕಾಲು ಮುಂದೆ ಮಾಡಿಕೊಂಡು ಬಂದವನು. ನಮ್ಮ ಕಡೆ ಹಾಗೆ ಹುಟ್ಟಿದವರಿಗೆ ಒಂದು ಕೆಲಸ ಗಂಟುಬೀಳುತ್ತದೆ. ಯಾರಿಗಾದರೂ ಟೊಂಕ ಹಿಡಿದರೆ, ಕೈಕಾಲು ಉಳುಕಿದರೆ ಅವರು ನಮ್ಮ ಮನೆಗೆ ಬರುತ್ತಾರೆ. ಚಾಪೆಯ ಮೇಲೆ ಬೋರಲು ಮಲಗುತ್ತಾರೆ. ನಾನು ಬಲಗಾಲಿನ ಹಿಮ್ಮಡಿಯಿಂದ ನೋವಿದ್ದಲ್ಲಿ ಮೂರು ಸಲ ನೀವಬೇಕು. ರವಿವಾರ ಮತ್ತು ಗುರುವಾರ ಮಾತ್ರ, ಅದೂ ಮುಂಜಾನೆ ನಾನು ಚಹಾ ಕುಡಿಯುವುದರೊಳಗೆ. ನಾನೊಬ್ಬ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ, ಏಳನೆಯ ತರಗತಿಗೆ ವಿಜ್ಞಾನ ಕಲಿಸುವವನು. ನನ್ನ ಹಿಮ್ಮಡಿಯಲ್ಲಿ ಯಾವ ಶಕ್ತಿಯೂ ಇಲ್ಲವೆಂದು ನನಗೆ ಗೊತ್ತು. ಆದರೆ ತಾಂಬಾದಂಥ ಊರಿನಲ್ಲಿ, ಎರಡು ಮಡಿಕೆಯಾಗಿ ನಡೆಯುತ್ತ ಬಂದ ಮನುಷ್ಯನಿಗೆ ವಿಜ್ಞಾನ ಹೇಳಿ ಹಿಂದಕ್ಕೆ ಕಳಿಸಲು ಬರುವುದಿಲ್ಲ. ಬಂದವರಲ್ಲಿ ಬಹಳ ಜನ ಎರಡು ಮೂರು ದಿನದಲ್ಲಿ ತಾವಾಗಿಯೇ ನೆಟ್ಟಗಾಗುತ್ತಾರೆ, ಹೆಸರು ನನ್ನ ಕಾಲಿಗೆ ಬರುತ್ತದೆ. ಬಂದ ಹೆಸರನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ನನಗೆ ಒಬ್ಬಳೇ ಮಗಳು. ಆಗ ಹತ್ತನೆಯ ತರಗತಿಯಲ್ಲಿದ್ದಳು. ರವಿವಾರ ಸಾಲಿ ಇಲ್ಲದ ದಿನ ರೊಟ್ಟಿ ಬಡಿಯುವ ಪಾಳಿ ಅವಳದು. ಅವಳ ರೊಟ್ಟಿ ತಾಯಿಯ ರೊಟ್ಟಿಗಿಂತ ತೆಳುವು, ದುಂಡಗೆ ಕೂಡ. ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ನನ್ನ ತಾಟಿಗೆ ಬಂದ ರೊಟ್ಟಿ ಒಂದು ಅಂಚಿನಲ್ಲಿ ದಪ್ಪ, ಇನ್ನೊಂದು ಅಂಚಿನಲ್ಲಿ ಹರಿದು ಹೋಗಿತ್ತು. ಅದರ ಮುಂದಿನ ವಾರವೂ ಹಾಗೆಯೇ ಆಯಿತು. ಚಿತ್ತವೆಲ್ಲ ಮೊಬೈಲಿನಲ್ಲಿದ್ದರೆ ರೊಟ್ಟಿ ಎಲ್ಲಿಂದ ದುಂಡಗಾದೀತು ಎಂದು ಹೆಂಡತಿ ಬೈದಳು. ನಾನೂ ದನಿಗೂಡಿಸಿದೆ. ಮಗಳು ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿಕೊಂಡು ಎದ್ದಳು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ತಾಯಿಯ ಕೈಗೆ ಕೊಡುತ್ತಿದ್ದಳು. ಜಡೆ ಹೆಣೆಯುವಾಗ ಅರ್ಧಕ್ಕೆ ಬಿಟ್ಟು ಕೈ ಕೊಡವುತ್ತಿದ್ದಳು. ನಾನು ಮಾಸ್ತರ, ನನಗೆ ಎಲ್ಲಕ್ಕಿಂತ ಮೊದಲು ಕಾಣಬೇಕಾದದ್ದು ಅಕ್ಷರ, ಅದು ಕಂಡದ್ದು ಎಲ್ಲಕ್ಕಿಂತ ಕೊನೆಗೆ. ಅವಳ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಅವಳ ಶಾಲೆಯಲ್ಲಿ ದಿನದ ಸುವಿಚಾರವನ್ನು ಅವಳ ಕೈಯಿಂದಲೇ ಹಲಗೆಯ ಮೇಲೆ ಬರೆಸುತ್ತಿದ್ದರು. ಆ ಅಕ್ಷರ ಈಗ ಅರ್ಧ ಪುಟದವರೆಗೆ ನೆಟ್ಟಗೆ ನಿಂತು ಅಲ್ಲಿಂದ ಕೆಳಕ್ಕೆ ಜಾರುತ್ತಿತ್ತು. ಕೇಳಿದರೆ ಹೆಬ್ಬೆರಳಿನ ಬುಡ ನೋಯುತ್ತದೆ ಎಂದಳು. ಮೊಬೈಲ್ ಬಿಡು, ತಾನೇ ಹೋಗುತ್ತದೆ ಎಂದು ಗದರಿಸಿದೆ.

ಈ ವಿಷಯದಲ್ಲಿ ನನಗೆ ಒಂದು ಅಧಿಕಾರವಿತ್ತು. ಕೆಲವು ವರ್ಷಗಳ ಹಿಂದೆ ಮುದ್ದೇಬಿಹಾಳದ ಒಂದು ಪ್ರೌಢಶಾಲೆಯ ಪಾಲಕರ ಸಭೆಯಲ್ಲಿ, ಬರಬೇಕಾದ ಅತಿಥಿ ಬಾರದೆ ಹೋದದ್ದರಿಂದ, ನನ್ನನ್ನು ಹಿಡಿದು ನಿಲ್ಲಿಸಿ ಮಾತಾಡಿಸಿದರು. ಮೊಬೈಲು ಮತ್ತು ಮಕ್ಕಳು ಎಂಬ ವಿಷಯದ ಮೇಲೆ ಮುಕ್ಕಾಲು ತಾಸು ಮಾತಾಡಿದೆ. ತಾಯಂದಿರು ತಲೆದೂಗಿದರು. ಅಲ್ಲಿಂದ ಬಸವನ ಬಾಗೇವಾಡಿಗೆ ಕರೆದರು, ಸಿಂದಗಿಗೆ ಕರೆದರು, ಇಂಡಿಯಲ್ಲಂತೂ ವರ್ಷಕ್ಕೆ ಎರಡು ಸಲ ಇದ್ದೇ ಇತ್ತು. ಕಣ್ಣು, ಕುತ್ತಿಗೆ, ನಿದ್ದೆ ಎಲ್ಲ ಮುಗಿಸಿ ಕೊನೆಗೆ ಕೈಗೆ ಬರುತ್ತಿದ್ದೆ. ದೇವರು ಬೆರಳು ಕೊಟ್ಟದ್ದು ಬರೆಯಲಿಕ್ಕೆ, ಗಾಜು ಒರೆಸಲಿಕ್ಕಲ್ಲ ಎನ್ನುತ್ತಿದ್ದೆ. ಅಲ್ಲಿ ಚಪ್ಪಾಳೆ ಬೀಳುತ್ತಿತ್ತು. ಬೀಳದಿದ್ದರೆ ಇನ್ನೊಮ್ಮೆ ಹೇಳುತ್ತಿದ್ದೆ.

ಹೆಬ್ಬೆರಳಿನ ನೋವು ತಾನೇ ಹೋಗಲಿಲ್ಲ. ಉಳುಕಿರಬೇಕು ಎಂದು ಹೆಂಡತಿ ಅಂದಳು. ಉಳುಕು ಎಂದ ಮೇಲೆ ಅದು ನನ್ನ ಖಾತೆ. ಪರರ ಮನೆಯವರಿಗೆಲ್ಲ ಕಾಲು ಕೊಟ್ಟವನು ಮನೆಯ ಮಗಳಿಗೆ ಕೊಡದಿದ್ದರೆ ಹೇಗೆ? ರವಿವಾರ ಮುಂಜಾನೆ ಚಾಪೆ ಹಾಸಿದೆವು. ಅವಳು ಕುಳಿತು ಬಲಗೈಯನ್ನು ನೆಲಕ್ಕೆ ಊರಿದಳು. ನಾನು ಗೋಡೆ ಹಿಡಿದು ನಿಂತು ಹಿಮ್ಮಡಿಯನ್ನು ಅವಳ ಮಣಿಕಟ್ಟಿನಿಂದ ಹೆಬ್ಬೆರಳ ತುದಿಯವರೆಗೆ ಮೂರು ಸಲ ಎಳೆದೆ. ಅವಳು ಓಢಣಿಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಗುರುವಾರ ಮತ್ತೆ ಮಾಡಿದೆ. ಇಳಿಯಲಿಲ್ಲವೆಂದು ಮುಂದಿನ ರವಿವಾರ ಸ್ವಲ್ಪ ಭಾರ ಹಾಕಿದೆ. ಆಗ ಅವಳು ಮೆಲ್ಲಗೆ ಅಂದಳು:

"ಅಪ್ಪಾಜಿ, ಸಾಕ್ರಿ."

"ನೋವು ಹೊರಗ ಬರಾಕತ್ತೈತಿ. ತಡ್ಕೋ ಯವ್ವಾ," ಅಂದೆ.

ಬಂದವರಿಗೆಲ್ಲ ನಾನು ಹೇಳುವ ಮಾತೇ ಅದು. ಬಾಯಿಗೆ ರೂಢಿಯಾಗಿತ್ತು, ಬಂತು. ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಪಕ್ಕಕ್ಕೆ ಒಂದು ಬಾರೆಹಣ್ಣಿನಷ್ಟು ಬಾವು ಎದ್ದಿತ್ತು. ಚಮಚ ಹಿಡಿಯಲು ಬರಲಿಲ್ಲ. ಅವಳ ತಾಯಿ ತಾನೇ ತುತ್ತು ಮಾಡಿ ಉಣ್ಣಿಸಿದಳು, ಉಣ್ಣಿಸುತ್ತ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮರುದಿನ ಮುಂಜಾನೆ, ಸಿಂದಗಿಗೆ ಹೋಗುವುದು, ರಜೆ ಹಾಕಿರಿ ಎಂದಳು. ಅವಳು ಹಾಗೆ ಹೇಳಿದಾಗ ನಾನು ರಜೆ ಹಾಕುತ್ತೇನೆ.

ಸಿಂದಗಿಯ ಎಲುಬಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮಗಳಿಗೆ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಲು ಹೇಳಿದರು. ಆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಸ್ವಲ್ಪವೇ ಬಾಗಿಸಿದರು. ಮಗಳು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. ಇದು ಉಳುಕಲ್ಲ ಎಂದರು ಡಾಕ್ಟರು. ಹೆಬ್ಬೆರಳನ್ನು ಎಳೆಯುವ ಎರಡು ಹುರಿಗಳು ಮಣಿಕಟ್ಟಿನ ಹತ್ತಿರ ಒಂದು ಬಿಗಿಯಾದ ಕೊಳವೆಯೊಳಗೆ ಓಡಾಡುತ್ತವೆ, ಒಂದೇ ಕೆಲಸವನ್ನು ದಿನಗಟ್ಟಲೆ ಮಾಡಿಸಿದರೆ ಆ ಕೊಳವೆ ಬಾತು ಹುರಿಗಳನ್ನು ಹಿಡಿದುಬಿಡುತ್ತದೆ ಎಂದು ತಿಳಿಸಿದರು. ಆಮೇಲೆ ಬಾವಿನ ಮೇಲಿನ ನೀಲಿ ಕಲೆ ನೋಡಿ, ಇಲ್ಲಿ ಯಾರಾದರೂ ತಿಕ್ಕಿದ್ದಾರೇನು ಎಂದು ಕೇಳಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರಪಟ ನೋಡುತ್ತ ಕುಳಿತೆ. ಇವರ ಕಾಲು ಎಂದು ಹೆಂಡತಿ ನನ್ನನ್ನು ತೋರಿಸಿದಳು. ಆ ಡಾಕ್ಟರಿಗೆ ನಗು ಬಂದಿರಬೇಕು. ನಗಲಿಲ್ಲ, ಅದು ಅವರ ದೊಡ್ಡತನ.

ದಿನಕ್ಕೆ ಎಷ್ಟು ಹೊತ್ತು ಮೊಬೈಲು, ಏನು ಮಾಡುತ್ತೀ ಎಂದು ಮಗಳನ್ನು ಕೇಳಿದರು. ಅವಳು ಬಾಯಿ ತೆರೆಯುವುದರೊಳಗೆ ನಾನೇ ಉತ್ತರ ಕೊಟ್ಟೆ. ರೀಲ್ಸ್ ನೋಡುತ್ತಾಳೆ, ಗೆಳತಿಯರ ಜೋಡಿ ಚಾಟಿಂಗ್ ಮಾಡುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದೆ. ನನ್ನ ಭಾಷಣದ ಎರಡು ವಾಕ್ಯಗಳನ್ನೂ ಸೇರಿಸಿದೆ. ಡಾಕ್ಟರು ನನ್ನ ಮಾತು ಮುಗಿಯುವವರೆಗೆ ಕಾಯ್ದು, ಮೊಬೈಲು ತೋರಿಸು ಎಂದು ಮಗಳಿಗೆ ಹೇಳಿದರು. ಯಾವುದರಲ್ಲಿ ಎಷ್ಟು ಹೊತ್ತು ಕಳೆದೆವು ಎಂಬುದನ್ನು ಮೊಬೈಲೇ ಬರೆದಿಟ್ಟುಕೊಳ್ಳುತ್ತದಂತೆ, ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರು ಅದನ್ನು ತೆರೆದು ಮೇಲಿನಿಂದ ಕೆಳಗೆ ಓದಿದರು. ವಿಡಿಯೊ ಇತ್ತು, ಇಲ್ಲವೆನ್ನಲಾರೆ, ಆದರೆ ಅದು ಮೂರನೆಯ ಸಾಲಿನಲ್ಲಿತ್ತು. ಎಲ್ಲಕ್ಕಿಂತ ಮೇಲೆ ಇದ್ದದ್ದು ಟಿಪ್ಪಣಿ ಬರೆಯುವ ಆ್ಯಪ್, ಅದರ ಕೆಳಗೆ ಶಾಲೆಯ ಮಾಹಿತಿ ತುಂಬುವ ಆ್ಯಪ್. ಇಷ್ಟೆಲ್ಲ ಏನು ಬರೆಯುತ್ತೀ, ಕಥೆ ಬರೆಯುತ್ತೀಯೇನು ಎಂದು ಡಾಕ್ಟರು ಕೇಳಿದರು.

"ಇಲ್ರಿ. ಅಪ್ಪಾಜಿಯವರ್ದು ಸಾಲಿ ಕೆಲಸ್ರಿ," ಅಂದಳು ಮಗಳು.

ಈಗ ಆ ಕೆಲಸದ ಸಂಗತಿ ಹೇಳಬೇಕು. ನನ್ನ ಶಾಲೆ ಅಗರಖೇಡದ ಕಡೆ ಒಂದು ಸಣ್ಣ ಊರಲ್ಲಿದೆ. ಈಗ ಮುಖ್ಯೋಪಾಧ್ಯಾಯನಾದವನು ದಿನವೂ ಮೊಬೈಲಿಗೆ ಲೆಕ್ಕ ಒಪ್ಪಿಸಬೇಕು. ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳು ಉಂಡರು, ಯಾರು ತತ್ತಿ ತಿಂದರು, ಯಾರು ಬಾಳೆಹಣ್ಣು ತಿಂದರು. ಅದರ ಮೇಲೆ ಸಭೆಯ ನಡಾವಳಿ, ಮೇಲಿನವರ ಪತ್ರಕ್ಕೆ ಉತ್ತರ, ಗ್ರೂಪಿನಲ್ಲಿ ಬಂದ ಹಬ್ಬದ ಶುಭಾಶಯಕ್ಕೆ ಮರುಶುಭಾಶಯ. ಸಾವಿರಾರು ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ ನನಗೆ ಆ ಗಾಜಿನ ಮೇಲೆ ಅಕ್ಷರ ಹುಡುಕಲು ಬರುವುದಿಲ್ಲ. ಐದು ವರ್ಷದ ಹಿಂದೆ, ರೋಗದ ಭಯಕ್ಕೆ ಸಾಲಿ ಬಂದ್ ಇದ್ದ ಕಾಲದಲ್ಲಿ, ಮಗಳ ಓದಿಗೆಂದು ಒಂದು ಮೊಬೈಲು ತಂದಿದ್ದೆ. ಆಗ ಅವಳು ಇನ್ನೂ ಸಣ್ಣವಳು. ಒಂದು ದಿನ ನಾನು ಅದರಲ್ಲಿ ಪತ್ರ ಬರೆಯಲಾರದೆ ಸಿಟ್ಟಿನಿಂದ ಮೊಬೈಲನ್ನು ಹೊರಸಿನ ಮೇಲೆ ಎಸೆದಾಗ ಅವಳು ಎತ್ತಿಕೊಂಡು, ನೀವು ಹೇಳಿರಿ, ನಾನು ಬರೆಯುತ್ತೇನೆ ಎಂದಳು. ಆವತ್ತಿನಿಂದ ಅದು ನಡೆದುಬಂತು.

ಸಂಜೆ ಐದೂವರೆಗೆ ಮನೆಗೆ ಬಂದು ಮುಖ ತೊಳೆದು ನಾನು ಅಂಗಳದಲ್ಲಿ ಅಡ್ಡಾಡುತ್ತ ಹೇಳುತ್ತಿದ್ದೆ, ಅವಳು ಕಟ್ಟೆಯ ಮೇಲೆ ಕುಳಿತು ಎರಡೂ ಹೆಬ್ಬೆರಳಿನಿಂದ ಬರೆಯುತ್ತಿದ್ದಳು. ನನ್ನ ಮಾತಿಗೆ ಅವಳ ಬೆರಳು ಹಿಂದೆ ಬೀಳುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ತೋರಿಸಿ ಹೆಮ್ಮೆಪಡುತ್ತಿದ್ದೆ. ಬರೆದದ್ದನ್ನು ಓದಿಸಿ, ಈ ವಾಕ್ಯ ಬೇಡ, ಅದನ್ನು ಮೇಲೆ ಹಾಕು, ಮತ್ತೆ ಮೊದಲಿನಿಂದ ಬರೆ ಎನ್ನುತ್ತಿದ್ದೆ. ಬಾಯಿಗೆ ಏನು, ಅದಕ್ಕೆ ಎಲುಬಿಲ್ಲ. ಮೊಬೈಲಿನಿಂದ ಮಕ್ಕಳ ಕೈ ಕೆಡುತ್ತದೆ ಎಂಬ ನನ್ನ ಭಾಷಣವನ್ನು, ಪ್ರತಿ ಊರಿಗೆ ಒಂದಿಷ್ಟು ಬದಲಿಸಿ ಬದಲಿಸಿ, ಅವಳ ಹೆಬ್ಬೆರಳಿನಿಂದಲೇ ಬರೆಸಿದ್ದೆ. ಗಾಜು ಒರೆಸಲಿಕ್ಕಲ್ಲ ಎಂಬ ವಾಕ್ಯವನ್ನೂ ಅವಳೇ ಬರೆದಳು. ಬರೆಯುವಾಗ ಅವಳಿಗೆ ಏನನ್ನಿಸಿತ್ತೋ ನಾನು ಕೇಳಿರಲಿಲ್ಲ. ವಿಡಿಯೊ ನೋಡುವವರ ಬೆರಳು ಒಮ್ಮೆ ಮೇಲೆ ಸರಿಸಿ ಸುಮ್ಮನಿರುತ್ತದೆ, ನನ್ನ ಮಗಳ ಬೆರಳು ಎರಡೂವರೆ ತಾಸು ಸುಮ್ಮನಿರುತ್ತಿರಲಿಲ್ಲ.

ಡಾಕ್ಟರು ನನಗೆ ಬುದ್ಧಿ ಹೇಳಲಿಲ್ಲ. ಹೆಬ್ಬೆರಳು ಅಲುಗದಂತೆ ಒಂದು ಪಟ್ಟಿ ಕಟ್ಟಿದರು. ಬಾವು ಇಳಿಯುವವರೆಗೆ ಮೊಬೈಲೂ ಬೇಡ, ಪೆನ್ನೂ ಬೇಡ, ಯಾರೂ ತಿಕ್ಕುವುದೂ ಬೇಡ ಎಂದರು. ಪರೀಕ್ಷೆ ಮಾರ್ಚಿನಲ್ಲಿದೆ ಎಂದು ಮಗಳು ಹೇಳಿದಳು. ನೋಡೋಣ ಎಂದರು ಡಾಕ್ಟರು. ಬಸ್ ಸ್ಟ್ಯಾಂಡಿನಲ್ಲಿ ತಾಂಬಾದ ಬಸ್ಸಿಗೆ ಕಾಯುತ್ತ ನಿಂತಾಗ ಹೆಂಡತಿ ನನ್ನ ಕಡೆ ನೋಡದೆಯೇ, "ಹೇಳೂದು ಆಚಾರ, ತಿನ್ನೂದು ಬದನಿಕಾಯಿ," ಅಂದಳು. ನಾನು ಕೇಳಿಸದವನಂತೆ ಬಸ್ಸಿನ ಬೋರ್ಡು ಓದಿದೆ.

ಫೆಬ್ರುವರಿಯಲ್ಲಿ ಬಾವು ಇಳಿಯಿತು. ಸ್ಪಂಜಿನ ಚೆಂಡು ಹಿಸುಕುವ ವ್ಯಾಯಾಮ ಕೊಟ್ಟರು. ಮೊದಮೊದಲು ಚೆಂಡಿನಲ್ಲಿ ತಗ್ಗು ಕೂಡ ಬೀಳುತ್ತಿರಲಿಲ್ಲ, ಬರಬರುತ್ತ ಸ್ವಲ್ಪ ಬೀಳತೊಡಗಿತು. ಆದರೆ ಪೆನ್ನು ಹಿಡಿದರೆ ಹತ್ತು ನಿಮಿಷಕ್ಕೆ ನೋವು ಮತ್ತೆ ಹಾಜರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕನ್ನಡ ಪೇಪರನ್ನು ಅರ್ಧ ಬರೆದು ಎದ್ದು ಬಂದಳು. ಓದಿದ್ದು ಎಲ್ಲವೂ ಬಾಯಲ್ಲಿತ್ತು, ಕಾಗದದ ಮೇಲೆ ಇಳಿಸಲು ಕೈ ಇರಲಿಲ್ಲ. ವರ್ಷ ಹೋಗುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಅವಳ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕರೆಸಿ, ಕೈ ಆಗದವರಿಗೆ ಬೇರೆಯವರು ಬರೆದುಕೊಡಲು ಅವಕಾಶವಿದೆ ಎಂದರು. ಡಾಕ್ಟರ ಸರ್ಟಿಫಿಕೇಟ್ ಹಚ್ಚಿ ಅರ್ಜಿ ಕೊಡಬೇಕು, ಒಂದು ತರಗತಿ ಕೆಳಗಿನ ಹುಡುಗಿ ಪಕ್ಕ ಕುಳಿತು ಇವಳು ಹೇಳಿದ್ದನ್ನು ಬರೆಯುತ್ತಾಳೆ. ನಾನು ಬೇಡವೆಂದೆ. ನಾಚಿಕೆ ನನ್ನನ್ನು ಹಿಡಿದು ತಿಂದಿತ್ತು. ಹಲಗೆಯ ಮೇಲೆ ಸುವಿಚಾರ ಬರೆಯುವ ಹುಡುಗಿ, ಮಾಸ್ತರನ ಮಗಳು, ಅವಳ ಪರೀಕ್ಷೆಯನ್ನು ಇನ್ನೊಬ್ಬರು ಬರೆಯುವುದೆಂದರೇನು? ಏಕೆ ಎಂದು ಮಂದಿ ಕೇಳುತ್ತಾರೆ, ಕೇಳಿದರೆ ಮೊಬೈಲು ಎನ್ನಬೇಕು, ಮೊಬೈಲು ಎಂದರೆ ಭಾಷಣದ ಮಾಸ್ತರ ಯಾವ ಮುಖ ಇಟ್ಟುಕೊಂಡು ತಿರುಗಬೇಕು. ಎಂಟು ದಿನ ಹಾಗೆಯೇ ಕಳೆದೆ. ಆ ಎಂಟು ದಿನ ನನಗೆ ಚಿಂತೆ ಇದ್ದದ್ದು ನನ್ನ ಮುಖದ್ದು ಎಂದು ಈಗ ಹೇಳಲು ಅಡ್ಡಿಯಿಲ್ಲ.

ಒಂದು ಸಂಜೆ ಮನೆಗೆ ಬಂದಾಗ ಅವಳು ಕಟ್ಟೆಯ ಮೇಲೆ ಕುಳಿತು ಎಡಗೈಯಲ್ಲಿ ಬರೆಯುತ್ತಿದ್ದಳು. ಒಂದನೆಯ ತರಗತಿಯ ಕೂಸು ಬರೆದಂತೆ ದೊಡ್ಡ ದೊಡ್ಡ ಸೊಟ್ಟ ಅಕ್ಷರ. ಪುಟ ತುಂಬ ತನ್ನ ಹೆಸರು ಮತ್ತು ರೋಲ್ ನಂಬರನ್ನೇ ಬರೆದಿದ್ದಳು, ಅಷ್ಟನ್ನಾದರೂ ತನ್ನ ಕೈಯಿಂದ ಬರೆಯಬೇಕೆಂದು. ಒಳಗೆ ಹೋಗಿ ಚಹಾ ಕೂಡ ಕುಡಿಯದೆ ಕುಳಿತೆ. ಮರುದಿನ ರವಿವಾರ, ಮಧ್ಯಾಹ್ನದ ಊಟವಾದ ಮೇಲೆ ಮೊಬೈಲು ಹಿಡಿದು ಅರ್ಜಿಯನ್ನು ನಾನೇ ಬರೆಯಲು ಕುಳಿತೆ. ಅರ್ಧ ಪುಟದ ಅರ್ಜಿ. ಒಂದೇ ಬೆರಳಿನಿಂದ ಕುಟ್ಟಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಎರಡು ಸಲ ಒತ್ತಕ್ಷರ ಸಿಗದೆ ಮಗಳನ್ನು ಕೇಳಿದೆ. ಅವಳು ದೂರದಿಂದಲೇ ಎಲ್ಲಿ ಒತ್ತಬೇಕೆಂದು ಹೇಳಿದಳು. ಅದೇ ವಾರ ಬಸವನ ಬಾಗೇವಾಡಿಯಿಂದ ಭಾಷಣಕ್ಕೆ ಕರೆ ಬಂತು. ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿದೆ.

ಬರೆಯಲು ಒಪ್ಪಿದವಳು ಅವಳದೇ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ. ನಿಂಬೆ ತೋಟದವರ ಮನೆಯವಳು, ಸಣಕಲಿ, ಮಾತು ಕಡಿಮೆ. ನಮ್ಮ ಮನೆಯಲ್ಲಿ ನನ್ನನ್ನು ಕಂಡರೆ ತಟಕ್ಕನೆ ಎದ್ದು ನಿಲ್ಲುತ್ತಿದ್ದಳು. ಪರೀಕ್ಷೆಗೆ ಮೊದಲು ಹತ್ತು ದಿನ ಬಂದು ರೂಢಿ ಮಾಡಿದಳು. ಮಗಳು ಹೇಳುವಳು, ಅವಳು ಬರೆಯುವಳು. ನಾನು ಒಳಗಿನಿಂದ ಕೇಳುತ್ತಿದ್ದೆ. ಮಗಳು ನಾಲ್ಕು ಶಬ್ದ ಹೇಳಿ ನಿಲ್ಲುತ್ತಿದ್ದಳು, ಆ ಹುಡುಗಿಯ ಪೆನ್ನು ನೋಡುತ್ತಿದ್ದಳು, ಪೆನ್ನು ನಿಂತ ಮೇಲೆ ಮತ್ತೆ ನಾಲ್ಕು ಶಬ್ದ. ಒಂದು ಉತ್ತರ ಮುಗಿದರೆ ನೀರು ಕುಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂಡಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು, ಹೀಗೆ ತಡೆದು ತಡೆದು ಹೇಳುತ್ತ ಹೋದರೆ ಮೂರು ತಾಸಿನ ಪೇಪರು ಮೂರು ದಿನಕ್ಕೂ ಮುಗಿಯುವುದಿಲ್ಲ, ಒಂದೇ ಓಟದಲ್ಲಿ ಹೇಳಬೇಕು, ಬರೆಯುವುದು ಅವಳ ಕೆಲಸ ಎಂದು ಬೈದೆ. ಮಗಳು ಹೂಂ ಅಂದಳು. ನಾನು ಒಳಗೆ ಹೋದ ಮೇಲೆ ಮತ್ತೆ ಹಾಗೆಯೇ ಹೇಳತೊಡಗಿದಳು.

ಪರೀಕ್ಷಾ ಕೇಂದ್ರ ಇಂಡಿಯಲ್ಲಿತ್ತು. ಇಬ್ಬರಿಗೂ ಕೂಡಿ ಒಂದು ಪ್ರತ್ಯೇಕ ಖೋಲಿ ಕೊಟ್ಟಿದ್ದರು. ದಿನವೂ ನಾನೇ ಇಬ್ಬರನ್ನೂ ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕಾಯುತ್ತ ಕುಳಿತಿರುತ್ತಿದ್ದೆ. ಕನ್ನಡ ಚೆನ್ನಾಗಿ ಹೋಯಿತು, ಗಣಿತವೂ ಹೋಯಿತು. ಸಮಾಜ ವಿಜ್ಞಾನದ ದಿನ ಗಂಟೆ ಹೊಡೆದ ಮೇಲೆ ಇಬ್ಬರೂ ಎಲ್ಲರಿಗಿಂತ ಹಿಂದೆ ಬಂದರು. ಪ್ರಶ್ನೆಪತ್ರಿಕೆ ತೆಗೆದುಕೊಂಡು ಒಂದೊಂದನ್ನೇ ಕೇಳುತ್ತ ಬಂದೆ. ಕೊನೆಯ ನಾಲ್ಕು ಅಂಕದ ಪ್ರಶ್ನೆಗೆ ಮಗಳು ಬಿಟ್ಟೆ ಎಂದಳು. ಅದು ಅವಳಿಗೆ ಬಾಯಿಪಾಠವಾಗಿದ್ದ ಪ್ರಶ್ನೆ, ಹಿಂದಿನ ದಿನ ನನ್ನ ಮುಂದೆ ಗಿಣಿಯಂತೆ ಒಪ್ಪಿಸಿದ್ದಳು. ಬರಲಿಲ್ಲವೇ ಎಂದೆ. ಬರುತ್ತಿತ್ತು ಎಂದಳು. ವೇಳೆ ಸಾಲಲಿಲ್ಲವೇ ಎಂದೆ. ಇತ್ತು ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದ ಉತ್ತರ ಬಿಟ್ಟು ಬರುವ ದಡ್ಡಿಯನ್ನು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿಲ್ಲ ಎಂದು ಆ ಗಿಡದ ಕೆಳಗೆ, ನಾಲ್ಕು ಮಂದಿ ತಿರುಗಿ ನೋಡುವಂತೆ ಕೂಗಾಡಿದೆ. ಆ ಸಣ್ಣ ಹುಡುಗಿ ಹೆದರಿ ನೀರಿನ ನಳದ ಕಡೆಗೆ ಹೋಗಿ ನಿಂತಳು.

"ಅಕಿ ಕೈ ನಡಗಾಕತ್ತಿತ್ರಿ," ಅಂದಳು ಮಗಳು. "ಸಾಕು ಬಿಡು ಅಂತ ನಾನ ಹೇಳ್ದೆ."

"ಅಕಿ ಅಂದ್ಲೇನು, ಕೈ ನೋಯಾಕತ್ತೈತಿ ಅಂತ?"

"ಇಲ್ರಿ. ಅಕಿ ಹೆಂಗ ಅಂತಾಳ್ರಿ ಅಪ್ಪಾಜಿ? ನಾನೂ ಬರ್ಯೂವಾಗ ಎಂದೂ ಅಂದಿಲ್ಲಲ್ರಿ."

ಅದರಲ್ಲಿ ಮುನಿಸಿರಲಿಲ್ಲ, ಚುಚ್ಚಬೇಕೆಂಬುದೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿ, ಎಡಗೈಯಲ್ಲಿ ಪರೀಕ್ಷೆಯ ಪ್ಯಾಡು ಹಿಡಿದುಕೊಂಡು ನಳದ ಹತ್ತಿರ ನಿಂತ ಹುಡುಗಿಯ ಕಡೆಗೆ ಹೋದಳು. ಅವಳ ಬಲಗೈಯನ್ನು ಹಿಡಿದು ತಿರುವಿ ನೋಡಿ, ತಣ್ಣೀರಿನ ಕೆಳಗೆ ಸ್ವಲ್ಪ ಹೊತ್ತು ಹಿಡಿ ಎಂದು ಹೇಳುತ್ತಿದ್ದಳು. ಐದು ವರ್ಷ ನಾನು ಅಂಗಳದಲ್ಲಿ ಅಡ್ಡಾಡಿದೆ. ಒಂದು ಸಂಜೆಯೂ ನಿಂತು, ಕೈ ನೋಯುತ್ತದೇನು ಎಂದು ಅವಳನ್ನು ಕೇಳಿದ ನೆನಪಿಲ್ಲ. ಪ್ರಶ್ನೆಪತ್ರಿಕೆ ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಆ ನಾಲ್ಕು ಅಂಕದ ಮಾತನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.